ಐವತ್ತು ಡಾಲರ್‌ಗೆ ಕೈಬದಲಾದ ಚಿನ್ನದ ಗಣಿ

2001ರಲ್ಲಿ ಕೆನಡಾದ ಪ್ಲೇಸರ್ ಡೋಮ್ ಕಂಪನಿ ವೆನೆಜುವೆಲಾದ ಲಾಸ್ ಕ್ರಿಸ್ಟಿನಾಸ್ ಚಿನ್ನದ ಗಣಿ ಯೋಜನೆಯಲ್ಲಿದ್ದ ತನ್ನ ಪಾಲನ್ನು ಮಾರಿತು. ಬೆಲೆ 50 ಡಾಲರ್. ಲಕ್ಷವೋ ಕೋಟಿಯೋ ಅಚ್ಚಿನಲ್ಲಿ ಬಿಟ್ಟುಹೋಗಿಲ್ಲ, ಬರೀ ಐವತ್ತೇ. ನೆಲದಡಿ ಒಂದು ಕೋಟಿ ಔನ್ಸ್‌ಗೂ ಜಾಸ್ತಿ ಚಿನ್ನ ಇದೆ ಅನ್ನುವ ಜಾಗ ಅದು.

ಆಗ ಚಿನ್ನದ ಬೆಲೆ ಔನ್ಸ್‌ಗೆ 300 ಡಾಲರ್‌ಗಿಂತ ಕೆಳಗಿತ್ತು. ಗಣಿ ಕಟ್ಟಿದರೆ ನಷ್ಟ ಎಂದು ಪ್ಲೇಸರ್ 1999ರಲ್ಲೇ ಕೆಲಸ ನಿಲ್ಲಿಸಿತ್ತು. ಪಾಲು ಕೊಂಡದ್ದು ವನೆಸಾ ವೆಂಚರ್ಸ್ ಎಂಬ ಸಣ್ಣ ಕಂಪನಿ. ಆದರೆ ಯೋಜನೆಯ ಇನ್ನೊಬ್ಬ ಪಾಲುದಾರ ಅಲ್ಲಿನ ಸರ್ಕಾರಿ ನಿಗಮ ಸಿವಿಜಿ. ನಮ್ಮ ಒಪ್ಪಿಗೆ ಇಲ್ಲದೆ ಕೈ ಬದಲಾಯಿಸಿದ್ದು ಹೇಗೆ ಎಂದು ಅದು ಗುತ್ತಿಗೆಯನ್ನೇ ರದ್ದು ಮಾಡಿತು. ವನೆಸಾ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಯಿತು. 2013ರಲ್ಲಿ ಬರಿಗೈಯಲ್ಲಿ ವಾಪಸಾಯಿತು.

ಇದೇ ನೆಲದ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅದೂ ಕೆನಡಾದ್ದೇ, ಹೆಸರು ಕ್ರಿಸ್ಟಲೆಕ್ಸ್. 1997ರಲ್ಲಿ ಅದು ಇನ್ವರ್ಸೋರಾ ಮಾಯೆಲ್ ಎಂಬ ಸ್ಥಳೀಯ ಕಂಪನಿಯನ್ನು ಕೊಂಡುಕೊಂಡಿತು. ಕ್ರಿಸ್ಟಿನಾಸ್ 4 ಮತ್ತು 6ನೇ ತಾಕುಗಳು ತನಗೇ ಸೇರಬೇಕು ಎಂದು ಮಾಯೆಲ್ ಕೋರ್ಟಿನಲ್ಲಿತ್ತು. ನಮ್ಮಲ್ಲಿ ಕೆಲವರು ತಕರಾರಿರುವ ಸೈಟನ್ನು ಕಡಿಮೆ ರೇಟಿಗೆ ಹಿಡಿದು, ಕೇಸು ಗೆದ್ದರೆ ಲಾಟರಿ ಅಂದುಕೊಳ್ಳುತ್ತಾರಲ್ಲ, ಅದೇ ಲೆಕ್ಕ. ಷೇರುಪೇಟೆಯೂ ಈ ಆಸೆಗೆ ಕುಣಿಯಿತು. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಒಪ್ಪಲಿಲ್ಲ.

ತಮಾಷೆ ನೋಡಿ, ಕೋರ್ಟಿನಲ್ಲಿ ಸೋತವರಿಗೆ ಗಣಿ ಇನ್ನೊಂದು ಬಾಗಿಲಿಂದ ಸಿಕ್ಕಿತು. 2002ರ ಸೆಪ್ಟೆಂಬರ್‌ನಲ್ಲಿ ಸಿವಿಜಿ ತಾನೇ ಕ್ರಿಸ್ಟಲೆಕ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಆದರೆ ಆ ಕಾಗದ ಕೊಟ್ಟದ್ದು ಗಣಿ ನಡೆಸಿ ಚಿನ್ನ ತೆಗೆದು ಮಾರುವ ಹಕ್ಕನ್ನು ಮಾತ್ರ. ಗಣಿಯ ಒಡೆತನ ಕೊಡಲಿಲ್ಲ. ಉಳುವವನ ಹೆಸರು ಒಂದು, ಪಹಣಿಯಲ್ಲಿ ಹೆಸರು ಇನ್ನೊಂದು. ಇದೇನೂ ವೆನೆಜುವೆಲಾದ ಕುತಂತ್ರವಲ್ಲ. ನಮ್ಮ ಕೋಲಾರದಲ್ಲೂ ಲಂಡನ್ ಕಂಪನಿಗಳು ಮೈಸೂರಿಗೆ ರಾಜಧನ ಕೊಟ್ಟೇ ಚಿನ್ನ ತೆಗೆದವು. ಕೊನೆಗೆ 1956ರಲ್ಲಿ ಸರ್ಕಾರವೇ ಗಣಿಗಳನ್ನು ವಹಿಸಿಕೊಂಡಿತು.

ಕ್ರಿಸ್ಟಲೆಕ್ಸ್‌ಗೆ ಬೇಕಿದ್ದದ್ದು ಪರಿಸರ ಇಲಾಖೆಯ ಪರವಾನಗಿ ಒಂದೇ. 2007ರ ಜೂನ್‌ನಲ್ಲಿ ಇಲಾಖೆ ಕಾಗದ ಬರೆಯಿತು: ಎಲ್ಲ ಸರಿಯಿದೆ, ಬಾಂಡ್ ಇಡಿ, ಶುಲ್ಕ ಕಟ್ಟಿ. ಕಂಪನಿ ಎರಡನ್ನೂ ಮಾಡಿತು. 2008ರ ಏಪ್ರಿಲ್‌ನಲ್ಲಿ ಬಂದ ಉತ್ತರ, ಇಲ್ಲ! ಗಣಿ ಇರುವ ಇಮಟಾಕಾ ಕಾಡು, ಅಲ್ಲಿನ ಮೂಲನಿವಾಸಿಗಳು ಎಂಬ ಕಾರಣಗಳು ಬಂದವು. ಕಾಡಿನ ಚಿಂತೆ ಸುಳ್ಳೇನಲ್ಲ, ಆದರೆ ಹಣ ಕಟ್ಟಿಸಿಕೊಳ್ಳುವ ಮೊದಲು ಅದು ನೆನಪಾಗಬೇಕಿತ್ತು, ಅಲ್ವಾ? ಪಕ್ಕದ ಬ್ರಿಸಾಸ್ ಗಣಿಯ ಗೋಲ್ಡ್ ರಿಸರ್ವ್ ಕಂಪನಿಗೆ ಕೊಟ್ಟಿದ್ದ ಪರವಾನಗಿಯನ್ನೂ ಅದೇ ವರ್ಷ ಕಿತ್ತುಕೊಂಡರು. 2011ರ ಫೆಬ್ರವರಿಯಲ್ಲಿ ಕ್ರಿಸ್ಟಲೆಕ್ಸ್‌ನ ಒಪ್ಪಂದವೂ ರದ್ದಾಯಿತು.

ಕ್ರಿಸ್ಟಲೆಕ್ಸ್ ಕೂಡ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಯಿತು. 2016ರಲ್ಲಿ ಮಂಡಳಿ ಅದಕ್ಕೆ ಸುಮಾರು 120 ಕೋಟಿ ಡಾಲರ್ ಪರಿಹಾರ, ಮೇಲೆ ಬಡ್ಡಿ ಕೊಡಿಸಿತು. ತೀರ್ಪು ಸಿಕ್ಕರೂ ವಸೂಲಿ ಎಲ್ಲಿಂದ? ವಕೀಲರು ಅಮೆರಿಕದ ಡೆಲವೇರ್ ಕೋರ್ಟಿಗೆ ಹೋದರು. ವೆನೆಜುವೆಲಾ ಸರ್ಕಾರ ಮತ್ತು ಅದರ ತೈಲ ಕಂಪನಿ ಬೇರೆ ಬೇರೆ ಅಲ್ಲ, ಆದ್ದರಿಂದ ಆ ಕಂಪನಿಯ ಕೈಯಲ್ಲಿರುವ, ಸಿಟ್ಗೋದ ಮಾತೃ ಕಂಪನಿಯ ಷೇರುಗಳನ್ನು ಹಿಡಿಯಬಹುದು ಎಂದು 2018ರಲ್ಲಿ ನ್ಯಾಯಾಧೀಶ ಲಿಯೊನಾರ್ಡ್ ಸ್ಟಾರ್ಕ್ ಹೇಳಿದರು. ಸಿಟ್ಗೋ ಅಂದರೆ ಅಮೆರಿಕದಲ್ಲೇ ಮೂರು ದೊಡ್ಡ ತೈಲ ಸಂಸ್ಕರಣಾಗಾರಗಳಿರುವ ಕಂಪನಿ. ಕಾಡಿನ ಚಿನ್ನದ ಜಗಳ ಪೆಟ್ರೋಲ್ ಬಂಕಿನ ಬಾಗಿಲಿಗೆ ಬಂತು.

ವೆನೆಜುವೆಲಾದಿಂದ ಹಣ ಬರಬೇಕಿದ್ದ ಬೇರೆಯವರೂ ಸಾಲು ನಿಂತರು. ಆ ಷೇರುಗಳ ಹರಾಜಿನಲ್ಲಿ ಹಳೆಯ ನೆರೆಮನೆಯ ಗೋಲ್ಡ್ ರಿಸರ್ವ್ ಕೂಡ ಬಿಡ್ ಕೂಗಿತು. 2025ರ ನವೆಂಬರ್‌ನಲ್ಲಿ ಸ್ಟಾರ್ಕ್ ಒಪ್ಪಿದ್ದು ಆಂಬರ್ ಎನರ್ಜಿಯ ಸುಮಾರು 590 ಕೋಟಿ ಡಾಲರ್ ಬಿಡ್‌ಗೆ.

ಚಿನ್ನವನ್ನು ನಂಬಿ ಷೇರು ಕೊಂಡವರ ಪಾಡು ಬೇರೆ. 2011ರ ಕೊನೆಗೇ ಕ್ರಿಸ್ಟಲೆಕ್ಸ್ ಕೆನಡಾದ ಕೋರ್ಟಿನಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೇಳಿತ್ತು. ಕೇಸು ನಡೆಸಲು ದುಡ್ಡು ಹಾಕಿದ್ದು ನ್ಯೂಯಾರ್ಕಿನ ಟೆನರ್ ಎಂಬ ಫಂಡ್. ಹಾಗಾಗಿ ಗೆದ್ದ ಹಣದಲ್ಲಿ ದೊಡ್ಡ ಪಾಲು ಅದಕ್ಕೆ. ಸಾಲ ಕೊಟ್ಟವರು ಮುಂದೆ, ಷೇರುದಾರರು ಸಾಲಿನ ತುದಿಯಲ್ಲಿ.