ಟ್ರೇಸ್ ಬಫರ್ ದೊಡ್ಡದು ಮಾಡೋ ಮುಂಚೆ ರ್‍ಯಾಮ್ ಲೆಕ್ಕ ಹಾಕಿ

ಶಿರಸಿ, ಕುಮಟಾ, ಕಾರವಾರ ಕಡೆ ಮನೇಲೇ ಕೂತ್ಕೊಂಡು ಬೆಂಗಳೂರಿನ ಸರ್ವರ್ ನೋಡ್ಕೊಳ್ಳೋ ಹುಡುಗ್ರು ಈಗ ಸುಮಾರು ಜನ ಇದ್ದಾರೆ, ಅವರಿಂದ ನಂಗೆ ಪದೇ ಪದೇ ಬರೋ ಫೋನ್ ಇದು: "ಅಣ್ಣಾ, ಎಫ್‌ಟ್ರೇಸ್ ಬಫರ್ ಸ್ವಲ್ಪ ಜಾಸ್ತಿ ಮಾಡಿದ್ದಷ್ಟೇ, ಡೇಟಾಬೇಸ್ ಸತ್ತೋಯ್ತು, ಎಂತಕ್ಕೆ?"

ಎಫ್‌ಟ್ರೇಸ್ ಅಂದ್ರೆ ಲಿನಕ್ಸ್ ಕರ್ನಲ್ ಒಳಗೆ ಏನೇನು ನಡೀತದೆ ಅಂತ ದಾಖಲಿಸೋ ಸಾಧನ, ಆ ದಾಖಲೆ ಕೂರೋ ಮೆಮೊರಿಯೇ ಬಫರ್. ಡೇಟಾಬೇಸ್ ಸಾಯೋದು ಎಂತಕ್ಕೆ ಅಂದ್ರೆ ಬಫರ್ ಸೈಜ್ ಹೇಳೋ ಬಫರ್_ಸೈಜ್_ಕೆಬಿ ಫೈಲಿಗೆ ನೀವು ಬರೆಯೋ ನಂಬರ್ ಒಟ್ಟು ಲೆಕ್ಕ ಅಲ್ಲ, ಒಂದೊಂದು ಸಿಪಿಯುಗೂ ಅಷ್ಟಷ್ಟು. 4 ಜಿಬಿ ರ್‍ಯಾಮ್, 8 ಸಿಪಿಯು ಇರೋ ಮಷಿನ್ನಲ್ಲಿ 5,00,000 ಅಂತ ಬರೆದ್ರೆ ಅರ್ಧ ಜಿಬಿ ಅಲ್ಲ ಮಾರಾಯ್ರೆ, 40 ಲಕ್ಷ ಕೆಬಿ, ಅಂದ್ರೆ ಹತ್ತಿರ ಹತ್ತಿರ ಪೂರ್ತಿ ರ್‍ಯಾಮ್! ಡಿಫಾಲ್ಟ್ ಇರೋದು ಸಿಪಿಯುಗೆ ಬರೀ 1408 ಕೆಬಿ. ಒಟ್ಟು ಎಷ್ಟಾಯ್ತು ಅಂತ ಬಫರ್_ಟೋಟಲ್_ಸೈಜ್_ಕೆಬಿ ಫೈಲ್ ತೋರಿಸ್ತದೆ, ಅದನ್ನ ನೋಡೋರೇ ಕಮ್ಮಿ.

ಈ ಬಫರಿನ ಪೇಜ್‌ಗಳು, ಅಂದ್ರೆ ಮೆಮೊರಿ ತುಂಡುಗಳು, ಕರ್ನಲ್‌ದು, ಡಿಸ್ಕಲ್ಲಿರೋ ಸ್ವಾಪಿಗೆ ಹೋಗಲ್ಲ, ಯಾವ ಪ್ರೋಸೆಸ್ಸಿನ ಲೆಕ್ಕಕ್ಕೂ ಸೇರಲ್ಲ. ಮೆಮೊರಿ ಮುಗಿದಾಗ ಯಾವುದಾದ್ರೂ ಪ್ರೋಸೆಸ್ಸನ್ನ ಕೊಂದು ಜಾಗ ಮಾಡೋ ಓಓಎಂ ಕಿಲ್ಲರ್ ನೋಡೋದು ಪ್ರೋಸೆಸ್ಸು ರ್‍ಯಾಮಲ್ಲಿ ಎಷ್ಟು ಇಟ್ಕೊಂಡಿದೆ, ಸ್ವಾಪಲ್ಲಿ ಎಷ್ಟು, ಪೇಜ್ ಟೇಬಲ್ ಎಷ್ಟು ಅಂತ, ಹಂಗಾಗಿ ಬಫರ್ ಬೆಳೆಸಿದ ಪ್ರೋಸೆಸ್ಸು ಅದರ ಕಣ್ಣಿಗೆ ಸಣ್ಣದಾಗೇ ಕಾಣ್ತದೆ, ದೊಡ್ಡದಾಗಿ ಕಾಣೋದು ಪಾಪ ಡೇಟಾಬೇಸು. ಸೊಸೈಟಿ ಸಾಲ ತಗೊಂಡೋನು ಒಬ್ಬ, ಜಪ್ತಿ ನೋಟಿಸು ಪಕ್ಕದ ಮನೆಗೆ, ಹಂಗೆ.

ಕರ್ನಲ್ಲಲ್ಲಿ ಇದಕ್ಕೆ ಮದ್ದು ಇದೆ. ರಿಂಗ್ ಬಫರ್ (ಇದೇ ಟ್ರೇಸ್ ಬಫರ್) ಪೇಜ್ ಕೇಳುವಾಗ ರಿಟ್ರೈ ಮೇಫೇಲ್ ಅನ್ನೋ ಫ್ಲ್ಯಾಗ್ ಹಾಕಿರ್ತಾರೆ, ಅಂದ್ರೆ ಗಟ್ಟಿ ಪ್ರಯತ್ನ ಮಾಡು, ಸಿಗದಿದ್ರೆ ಸೋಲು, ಯಾರನ್ನೂ ಕೊಲ್ಲಬೇಡ ಅಂತ. ಆದ್ರೆ ಅಷ್ಟೇ ಸಾಲಲ್ಲ, ಯಾಕಂದ್ರೆ ಬಫರ್ ಎಲ್ಲಾ ಮೆಮೊರಿ ನುಂಗಿದ ಮೇಲೆ ಬೇರೆ ಯಾರೋ ಒಂದು ಪೇಜ್ ಕೇಳಿದ್ರೂ ಕಿಲ್ಲರ್ ಎದ್ದು ಬರ್ತದೆ. ಅದಕ್ಕೇ 2018ರಲ್ಲಿ ಎಫ್‌ಟ್ರೇಸ್ ಬರೆದ ಸ್ಟೀವನ್ ರೋಸ್ಟೆಡ್ಟ್ ಎರಡು ಸೇರಿಸಿದ್ರು: ಮೊದಲೇ ಲಭ್ಯ ಮೆಮೊರಿ ಅಂದಾಜು ನೋಡಿ ಸಾಲಲ್ಲ ಅಂತಿದ್ರೆ ಅಲ್ಲೇ ಎರರ್ ಕೊಡೋದು, ಆ ಅಂದಾಜು ತಪ್ಪಿದ್ರೆ ಬಫರ್ ಕೇಳ್ತಿರೋ ಪ್ರೋಸೆಸ್ಸನ್ನೇ ಮೊದಲ ಬಲಿ ಅಂತ ಗುರುತು ಹಾಕಿಡೋದು. ನಡುವೆ ಸೋತ್ರೆ ಅಲ್ಲಿವರೆಗೆ ತಗೊಂಡ ಹೊಸ ಪೇಜ್ ಎಲ್ಲಾ ವಾಪಸ್, ಬಫರ್ ಹಳೇ ಸೈಜಲ್ಲೇ ಇರ್ತದೆ. ನನ್ನ ಪ್ರಕಾರ ಇದು ತುಂಬಾ ನ್ಯಾಯವಾದ ಪರಿಹಾರ. ಅದಕ್ಕಿಂತ ಹಳೇ ಕರ್ನಲ್ ಹಾಕಿದ ಬೋರ್ಡ್‌ಗಳಲ್ಲಿ ಮಾತ್ರ ಇದನ್ನ ನಂಬ್ಕೊಂಡು ಕೂರಬೇಡಿ.

ಇಲ್ಲಿ ಒಂದು ವಿಷ್ಯ. ರೂಟ್ ಶೆಲ್ಲಲ್ಲಿ ಎಕೋ ಹೊಡೆದ್ರೆ ಎಕೋ ಶೆಲ್ಲಿನೊಳಗಿನದೇ ಆಗಿರೋದ್ರಿಂದ ಗುರುತು ಬೀಳೋದು ನಿಮ್ಮ ಶೆಲ್ಲಿಗೆ, ಸತ್ರೆ ಎಸ್‌ಎಸ್‌ಎಚ್ ಸೆಷನ್ನೂ ಹೋಯ್ತು. ಸುಡೋ ಹಾಕಿ ಟೀ ಕಮಾಂಡಿಂದ ಬರೀರಿ, ಸತ್ರೆ ಟೀ ಒಂದೇ ಸಾಯ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ನೆಟ್ವರ್ಕ್ ಹೆಂಗಿರ್ತದೆ ಗೊತ್ತಲ್ಲ, ಸೆಷನ್ ಉಳಿಯೋದು ದೊಡ್ಡದು.

ಇನ್ನು ದೊಡ್ಡ ಬಫರ್ ಬೇಕೇ ಬೇಕಾ ಅಂತ ಮೊದಲು ನೋಡಿ. ಪರ್_ಸಿಪಿಯು ಒಳಗಿನ ಸ್ಟ್ಯಾಟ್ಸ್ ಫೈಲಲ್ಲಿ ಓವರ್‌ರನ್ (ಬಫರ್ ತುಂಬಿ ಅಳಿಸಿಹೋದ ದಾಖಲೆಗಳ ಲೆಕ್ಕ) ಸೊನ್ನೆ ಇದ್ರೆ ಏನೂ ಕಳೆದುಹೋಗ್ತಿಲ್ಲ, ಸುಮ್ನೆ ಬೆಳೆಸಬೇಡಿ. ಬೇಡದ ಈವೆಂಟ್ ಆಫ್ ಮಾಡಿ, ಫಂಕ್ಷನ್ ಟ್ರೇಸರ್ ಆದ್ರೆ ಫಿಲ್ಟರ್ ಹಾಕಿ. ಪ್ರೋಸೆಸ್ಸನ್ನ ಟಾಸ್ಕ್‌ಸೆಟ್‌ನಿಂದ ಒಂದೇ ಸಿಪಿಯುಗೆ ಕಟ್ಟಿ ಆ ಒಂದರ ಬಫರ್ ಮಾತ್ರ ಬೆಳೆಸಬಹುದು, ಇದು ಸುಮಾರು ಜನಕ್ಕೆ ಹೊಳೆಯೋದೇ ಇಲ್ಲ. ಸ್ನ್ಯಾಪ್‌ಶಾಟ್ (ಆ ಕ್ಷಣದ ಟ್ರೇಸ್ ಎತ್ತಿಡೋದು) ಬಳಸಿದ್ರೆ ಅಷ್ಟೇ ದೊಡ್ಡ ಇನ್ನೊಂದು ಬಫರ್ ಬೇಕು, ಲೆಕ್ಕ ಡಬಲ್. ಫ್ರೀ ಮೆಮೊರಿ ನೋಡ್ಬೇಡಿ, ಮೆಮ್‌ಅವೈಲಬಲ್ (ನಿಜವಾಗಿ ಬಳಸೋಕೆ ಸಿಗೋ ಮೆಮೊರಿಯ ಅಂದಾಜು) ನೋಡಿ, ಅದರ ಕಾಲು ಭಾಗ ದಾಟಬೇಡಿ ಅಂತ ನಾನು ಹೇಳೋದು.

ಟ್ರೇಸಿಂಗ್ ಆಫ್ ಮಾಡಿದ ಕೂಡ್ಲೇ ಮೆಮೊರಿ ವಾಪಸ್ ಬರಲ್ಲ, ಸಣ್ಣ ಸೈಜ್ ಬರೆದ ಮೇಲೇ ಬರೋದು. ಸ್ಕ್ರಿಪ್ಟ್ ಬರೆಯೋರು ಫ್ರೀ_ಬಫರ್ ಫೈಲನ್ನ ತೆರೆದು ಹಿಡ್ಕೊಳ್ಳಿ, ಪ್ರೋಸೆಸ್ ಹೆಂಗೇ ಸತ್ರೂ ಆ ಫೈಲ್ ಮುಚ್ಚಿದಾಗ ಬಫರ್ ತಾನೇ ಕನಿಷ್ಠ ಸೈಜಿಗೆ ಇಳೀತದೆ.