ದಾಯಾದಿ ಪೇಟೆಂಟ್, ಬೀಗ ಪೇಟೆಂಟ್

1987ರ ಜುಲೈ 28ರಂದು ಅಮೆರಿಕದ ಪೇಟೆಂಟ್ ಕಚೇರಿಯು ಸೀಟಸ್ ಕಂಪನಿಗೆ 4683195 ಮತ್ತು 4683202 ಎಂಬ ಸಂಖ್ಯೆಗಳ ಎರಡು ಪೇಟೆಂಟ್‌ಗಳನ್ನು ನೀಡಿತು. ಡಿಎನ್ಎಯ ಚೂರೊಂದರ ಲೆಕ್ಕವಿಲ್ಲದಷ್ಟು ನಕಲುಗಳನ್ನು ಮಾಡುವ, ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ವಿಧಾನದ ಮೂಲ ಇವುಗಳಲ್ಲಿದೆ. ಎರಡರಲ್ಲೂ ಹೆಸರಿರುವ ಕ್ಯಾರಿ ಮಲ್ಲಿಸ್ 1993ರಲ್ಲಿ ನೊಬೆಲ್ ಪಡೆದರು. ಇವು ಹತ್ತಿರದ ನೆಂಟರೆಂಬುದು ಓದಿದವರಿಗೆ ಗೊತ್ತಾಗುತ್ತದೆ. ಆದರೆ ಲಕ್ಷಗಟ್ಟಲೆ ಪೇಟೆಂಟ್‌ಗಳಲ್ಲಿ ಯಾವುದು ಯಾವುದಕ್ಕೆ ಎಷ್ಟು ಹತ್ತಿರ ಎಂಬುದನ್ನು ಒಂದನ್ನೂ ಓದದೆ ಅಳೆಯಲು ಸಾಧ್ಯವೇ?

ಪ್ರತಿ ಪೇಟೆಂಟೂ ತನಗಿಂತ ಹಿಂದಿನ ಪೇಟೆಂಟ್‌ಗಳನ್ನು ಉಲ್ಲೇಖಿಸುವುದರಿಂದ ಅದು ಸಾಧ್ಯ. ಎರಡು ಪೇಟೆಂಟ್‌ಗಳು ಉಲ್ಲೇಖಿಸಿದ ಹಳೆಯ ದಾಖಲೆಗಳಲ್ಲಿ ಎಷ್ಟು ಸಮಾನ ಎಂದು ಎಣಿಸುವುದು ಒಂದು ದಾರಿ. ಸಂಶೋಧನ ಪ್ರಬಂಧಗಳಿಗಾಗಿ ಇದನ್ನು 1963ರಲ್ಲಿ ಎಂಐಟಿಯ ಕೆಸ್ಲರ್ ಮಂಡಿಸಿದರು. ಮುಂದೆ ಬಂದವರು ಆ ಎರಡನ್ನೂ ಎಷ್ಟು ಸಲ ಒಟ್ಟಿಗೆ ಉಲ್ಲೇಖಿಸಿದರು ಎಂದು ನೋಡುವುದು ಇನ್ನೊಂದು. ಇದನ್ನು 1973ರಲ್ಲಿ ಅಮೆರಿಕದ ಹೆನ್ರಿ ಸ್ಮಾಲ್ ಮತ್ತು ಸೋವಿಯತ್ ಒಕ್ಕೂಟದ ಐರಿನಾ ಮಾರ್ಷಕೋವಾ ಪರಸ್ಪರ ಅರಿವಿಲ್ಲದೆಯೇ ಮುಂದಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ದಾಯಾದಿ ಸಂಬಂಧ, ಹಿರಿಯರು ಒಬ್ಬರೇ ಆದ್ದರಿಂದ ಬಂದದ್ದು; ಎರಡನೆಯದು ಬೀಗತನ, ಮಕ್ಕಳು ಮೊಮ್ಮಕ್ಕಳಿಂದ ಕೂಡಿಬಂದದ್ದು.

ಕಾಲದ ಪ್ರಶ್ನೆ ಬರುವುದು ಇಲ್ಲಿಯೇ. ದಾಯಾದಿತನ ಪೇಟೆಂಟ್ ಪ್ರಕಟವಾದ ದಿನವೇ ನಿಗದಿಯಾಗಿಬಿಡುತ್ತದೆ, ಆದ್ದರಿಂದ ನಿನ್ನೆಯ ಪೇಟೆಂಟನ್ನೂ ಅಳೆಯಬಹುದು. ಬೀಗತನಕ್ಕೆ ವರ್ಷಗಟ್ಟಲೆ ಕಾಯಬೇಕು. ಅತಿ ಬಿಸಿಯಲ್ಲೂ ಕೆಡದ ಕಿಣ್ವವನ್ನು ಪಿಸಿಆರ್‌ಗೆ ಬಳಸುವ 4965188ನೇ ಪೇಟೆಂಟ್ ದೊರೆತದ್ದು 1990ರ ಅಕ್ಟೋಬರ್‌ನಲ್ಲಿ. ಮೊದಲಿನ ಎರಡರ ಜೊತೆ ಅದೂ ಸೇರಿ ತ್ರಿವಳಿಯಂತೆ ಕಾಣಿಸಿಕೊಳ್ಳತೊಡಗಿದ್ದು ಆಮೇಲೆ. ಹೀಗಾಗಿ ಎಣಿಕೆಯನ್ನು ವರ್ಷವಾರು ಮಾಡಿದರೆ ಒಂದು ತಂತ್ರಜ್ಞಾನ ಕವಲೊಡೆಯುವುದೂ ಕೂಡುವುದೂ ಕಣ್ಣಿಗೆ ಬೀಳುತ್ತದೆ.

ಬರೀ ಎಣಿಕೆಯನ್ನು ನಾನು ನಂಬಲಾರೆ. ಪಿಸಿಆರ್ ಎಂದೊಡನೆ ಆ ಮೂರು ಸಂಖ್ಯೆಗಳನ್ನು ಬರೆದುಬಿಡುವುದು ಎಷ್ಟೋ ಅರ್ಜಿದಾರರಿಗೆ ರೂಢಿ. ಊರಿಗೆಲ್ಲ ಬೇಕಾದವರು ಎಲ್ಲರ ಮದುವೆಯ ಫೋಟೋದಲ್ಲೂ ಇರುತ್ತಾರೆ, ಹಾಗೆಂದು ಎಲ್ಲರಿಗೂ ನೆಂಟರಲ್ಲ. ಅದಕ್ಕಾಗಿ ಜಂಟಿ ಉಲ್ಲೇಖಗಳನ್ನು ಎರಡರ ಒಟ್ಟು ಉಲ್ಲೇಖಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸುತ್ತಾರೆ. ಒಂದಕ್ಕೆ 20, ಇನ್ನೊಂದಕ್ಕೆ 80 ಉಲ್ಲೇಖಗಳಿದ್ದು ಜಂಟಿಯಾದವು 10 ಇದ್ದರೆ ಬರುವ ಮೌಲ್ಯ 0.25, ಅದೇ 80ರ ಜಾಗದಲ್ಲಿ 2000 ಇದ್ದರೆ ಬರೀ 0.05.

ಉಲ್ಲೇಖ ಸೇರಿಸಿದವರು ಯಾರೆಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ಅರ್ಜಿದಾರರು ತಮಗೆ ತಿಳಿದ ಸಂಬಂಧಿತ ದಾಖಲೆಗಳನ್ನು ತಿಳಿಸಲೇಬೇಕಾದ್ದರಿಂದ ಪಟ್ಟಿ ಬೆಳೆಯುತ್ತದೆ. ಯುರೋಪಿನಲ್ಲಿ ಹೆಚ್ಚಿನವನ್ನು ಸೇರಿಸುವವರು ಪರೀಕ್ಷಕರು. ಎರಡೂ ಕಡೆಯ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆ.