ಉಪ್ಪಿನ ಹನಿಯೂ ಕಿಸೆಯ ಚಾಕುವೂ

ಶಿರಸಿ ಕಡೆಯಿಂದ ಕಾರವಾರದ ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು, ನಾನು ಹೆಚ್ಚಿಕೊಟ್ಟ ಮಾವಿನಕಾಯಿಯ ಹೋಳನ್ನು ಬಾಯಿಯವರೆಗೆ ಒಯ್ದವರು ಮಡಚುವ ಚಾಕುವಿನ ಬುಡದಲ್ಲಿದ್ದ ಕೆಂಪು ಚುಕ್ಕೆಗಳನ್ನು ಕಂಡು ತಟ್ಟೆಗೇ ಹಾಕಿಬಿಟ್ಟರು. "ತುಕ್ಕು ಹೊಟ್ಟೆಗೆ ಹೋದರೆ ಧನುರ್ವಾಯು" ಎಂದರು. ಓದಿಕೊಂಡವರು, ಅಡಿಕೆ ತೋಟವನ್ನು ಲೆಕ್ಕಾಚಾರದಿಂದ ನಡೆಸುವವರು. ಅಂಥವರ ಬಾಯಲ್ಲೂ ಈ ಮಾತು ಬಂದರೆ ನನಗೆ ಸಂಕಟವಾಗುತ್ತದೆ.

ಧನುರ್ವಾಯು ತರುವುದು ತುಕ್ಕಲ್ಲ, ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ. ಅದರ ಬೀಜಾಣುಗಳ ತವರು ಮಣ್ಣು ಮತ್ತು ಸಗಣಿ. 1889ರಲ್ಲಿ ಜಪಾನಿನ ಕಿಟಸಾಟೊ ಶಿಬಸಬುರೊ ಅದನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದ. ಗಾಳಿ ತಾಗದ ಆಳವಾದ ಗಾಯ ಅದಕ್ಕೆ ಬೇಕು. ಜೀರ್ಣಾಂಗದ ದಾರಿಯಿಂದ ಆ ರೋಗ ಬರುವುದಿಲ್ಲ. ಗೊಬ್ಬರಗುಂಡಿಯ ಬಳಿ ಬಿದ್ದಿರುವ ಮೊಳೆಗೆ ತುಕ್ಕೂ ಹಿಡಿದಿರುತ್ತದೆ, ಬೀಜಾಣುಗಳೂ ಅಂಟಿರುತ್ತವೆ. ಕಣ್ಣಿಗೆ ಕಾಣುವುದು ತುಕ್ಕು, ಹಾಗಾಗಿ ಆರೋಪವೂ ಅದರ ಮೇಲೆ. ಫಳಫಳ ಹೊಳೆಯುವ ಹೊಸ ಕುಡುಗೋಲಿಗೆ ಸಗಣಿ ಮೆತ್ತಿದ್ದರೆ ಅಪಾಯ ಅಷ್ಟೇ ಇರುತ್ತದೆ. ದೃಷ್ಟಿ ತಾಗದಿರಲೆಂದು ಬಾಣಂತಿಯ ತಲೆದಿಂಬಿನ ಕೆಳಗೆ ಕತ್ತಿ ಇಡುವ ರೂಢಿ ನಮ್ಮಲ್ಲಿತ್ತು. ಹೊಕ್ಕುಳಬಳ್ಳಿ ಕೊಯ್ಯುವ ಅಲಗನ್ನು ಕುದಿಸಬೇಕೆಂಬ ಎಚ್ಚರ ಮಾತ್ರ ಎಲ್ಲ ಮನೆಗಳಲ್ಲಿ ಇರಲಿಲ್ಲ. ಲಸಿಕೆಯಿಂದಲೂ ಶುಚಿಯಾದ ಹೆರಿಗೆಯಿಂದಲೂ ಭಾರತ ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿತೆಂದು ಘೋಷಣೆಯಾದದ್ದು 2015ರಲ್ಲಿ, ಎಷ್ಟು ತಡವಾಗಿ!

ಈ ಭಯಕ್ಕೆ ಇನ್ನೊಂದು ಬೇರು ನಮ್ಮ ಅಡುಗೆಮನೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಗೆ ಹಿಡಿಯುವುದು ಕಿಲುಬು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ತಾಮ್ರ ಕರಗಿ ವಾಂತಿಯಾಗುವುದು ನಿಜ. ಹಿರಿಯರು ಕಿಲುಬಿಗೆ ಹೆದರಿದ್ದು ಸರಿಯಾಗಿಯೇ ಇತ್ತು. ಆ ಭಯ ಹೆಸರು ಬದಲಿಸಿಕೊಂಡು ತುಕ್ಕಿನ ಮೇಲೆ ಕುಳಿತಿತು. ಕಬ್ಬಿಣದ ಆಕ್ಸೈಡನ್ನು ಆಹಾರದ ಬಣ್ಣವಾಗಿಯೂ ಬಳಸುತ್ತಾರೆ. ಹೊಟ್ಟೆಗೆ ಹೋದ ಒಂದೆರಡು ಕಣ ಹೆಚ್ಚುಕಡಿಮೆ ಹಾಗೆಯೇ ಹೊರಬರುತ್ತವೆ. ಹಾಗೆಂದು ತುಕ್ಕನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ತುಕ್ಕಿನ ಪೊರೆಯ ಸಂದಿನಲ್ಲಿ ಮೀನಿನ ರಸವೂ ಹಣ್ಣಿನ ರಸವೂ ಉಳಿದು ಕೊಳೆಯುತ್ತವೆ, ತೊಳೆದರೂ ಹೋಗುವುದಿಲ್ಲ. ತೆಗೆಯಬೇಕಾದದ್ದು ಅದಕ್ಕಾಗಿ.

ತೆಗೆಯುವುದಕ್ಕೆ ಮುಂಚೆ, ಅದು ಹೇಗೆ ಬಂತು ಎಂಬುದು. ನನ್ನನ್ನು ವರ್ಷಗಳಿಂದ ಹಿಡಿದಿಟ್ಟಿರುವ ಸಂಗತಿ ಇದು. 1920ರ ದಶಕದಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ ಉಜ್ಜಿದ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟು ನೋಡಿದ. ಹನಿಗೆ ಎರಡು ದ್ರವ ಬೆರೆಸಿದ್ದ: ಒಂದು ಕರಗಿದ ಕಬ್ಬಿಣ ಸಿಕ್ಕಲ್ಲಿ ನೀಲಿಯಾಗುತ್ತದೆ, ಇನ್ನೊಂದು ಕ್ಷಾರ ಸಿಕ್ಕಲ್ಲಿ ಗುಲಾಬಿಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುಭಾಗ ನೀಲಿ, ಅಂಚು ಗುಲಾಬಿ! ಒಂದೇ ಹನಿಯೊಳಗೆ ಎರಡು ಊರು. ಅಂಚಿನಲ್ಲಿ ನೀರು ತೆಳು, ಗಾಳಿಯ ಆಮ್ಲಜನಕ ಸಲೀಸಾಗಿ ಇಳಿಯುತ್ತದೆ. ನಡುವೆ ನೀರು ದಪ್ಪ, ಅಲ್ಲಿದ್ದ ಆಮ್ಲಜನಕ ಬೇಗ ತೀರಿಹೋಗುತ್ತದೆ. ಅಂಚಿನ ಆಮ್ಲಜನಕ ಎಲೆಕ್ಟ್ರಾನುಗಳನ್ನು ಕೇಳುತ್ತದೆ. ನಡುವಿನ ಕಬ್ಬಿಣ ಅವನ್ನು ಕೊಟ್ಟು ತಾನು ನೀರಿನಲ್ಲಿ ಕರಗುತ್ತದೆ. ಅಂದರೆ ಹನಿ ಒಂದು ಬ್ಯಾಟರಿ, ಟಾರ್ಚಿನ ಸೆಲ್ಲಿನ ಪುಟ್ಟ ತಮ್ಮ. ಎಲೆಕ್ಟ್ರಾನುಗಳು ಕಬ್ಬಿಣದೊಳಗಿನ ನೆಲದ ಹಾದಿಯಲ್ಲಿ ನಡೆಯುತ್ತವೆ, ವಿದ್ಯುದಂಶ ಹೊತ್ತ ಅಯಾನುಗಳು ನೀರಿನ ಹಾದಿಯಲ್ಲಿ ದೋಣಿಯ ಮೇಲೆ ಬರುತ್ತವೆ. ಸಿಹಿನೀರಿನಲ್ಲಿ ದೋಣಿಗಳು ವಿರಳ. ಉಪ್ಪುನೀರಿನಲ್ಲಿ ಕಾಳಿ ನದಿಯ ಮುಖದಲ್ಲಿರುವಷ್ಟು. ಎರಡು ಕಡೆಯವರೂ ನಡುದಾರಿಯಲ್ಲಿ ಸಂಧಿಸಿದಲ್ಲಿ ಕೆಂಪು ತುಕ್ಕಿನ ಉಂಗುರ ಬೀಳುತ್ತದೆ. ಗೋಡೆ ಒಡೆದದ್ದು ಮನೆಯ ನಡುಕೋಣೆಯಲ್ಲಿ, ಮಣ್ಣು ಗುಡ್ಡೆ ಬಿದ್ದದ್ದು ಅಂಗಳದಲ್ಲಿ. ಕೆಂಪು ಕಂಡಲ್ಲಿ ಹಾನಿ ಕಡಿಮೆ. ಕೆಂಪಿನ ನಡುವೆ, ಕಪ್ಪಗೆ ಖಾಲಿ ಕಾಣುವ ಬಿಂದುವಿನಲ್ಲಿ ಹಳ್ಳ ಬಿದ್ದಿರುತ್ತದೆ.

ಸ್ಟೇನ್‌ಲೆಸ್ ಚಾಕುವಿನ ಕಥೆಯೂ ಇದೇ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಶೇ. 12.8 ಕ್ರೋಮಿಯಂ ಬೆರೆಸಿ ಮಾಡಿದ ಉಕ್ಕಿನ ಗುಟ್ಟು, ಕಣ್ಣಿಗೆ ಕಾಣದ ಒಂದು ಕ್ರೋಮಿಯಂ ಆಕ್ಸೈಡ್ ಪೊರೆ. ಹರಿದ ಪೊರೆಯನ್ನು ಆಮ್ಲಜನಕ ಮತ್ತೆ ಹೊಲಿಯುತ್ತದೆ. ಚಾಕು ಮಡಚುವ ಕೀಲಿನ ಸಂದಿಗೆ ಆಮ್ಲಜನಕವೇ ಹೋಗದು, ಪೊರೆಯನ್ನು ಹರಿಯುವ ಉಪ್ಪಿನ ಕ್ಲೋರೈಡ್ ಮಾತ್ರ ಹೋಗುತ್ತದೆ. ಅದಕ್ಕೇ ನಮ್ಮ ಕರಾವಳಿಯಲ್ಲಿ ಚಾಕುವಿನ ತುಕ್ಕು ಬುಡದಿಂದ ಶುರುವಾಗುತ್ತದೆ.

ಉಪ್ಪಿನ ಬಗ್ಗೆ ಇನ್ನೊಂದು ಮಾತು. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಕಲ್ಲುಪ್ಪನ್ನು ಡಬ್ಬಿಯಲ್ಲಿಟ್ಟವರಿಗೆ ಗೊತ್ತು, ಮಳೆಗಾಲದಲ್ಲಿ ಅದು ನೀರೊಡೆಯುತ್ತದೆ. ಶುದ್ಧ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದರೆ ತಾನೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರಷ್ಟೇ ಸಾಕು. ಹಾಗಾಗಿ ಚಾಕುವಿಗೆ ಅಂಟಿದ ಸಮುದ್ರದ ಉಪ್ಪು ಕಾರವಾರದಲ್ಲಿ ಪೂರ್ತಿ ಒಣಗುವ ದಿನವೇ ಅಪರೂಪ. ಮೀನು ಕೊಯ್ದು ಬಟ್ಟೆಯಲ್ಲಿ ಒರೆಸಿ ಮಡಚಿ ಕಿಸೆಗೆ ಹಾಕಿದರೆ ಒಂದು ಬ್ಯಾಟರಿಯನ್ನು ಚಾರ್ಜ್ ಮಾಡಿ ಕಿಸೆಗೆ ಹಾಕಿದಂತೆ. ಒರೆಸಿದರೆ ಸಾಲದು, ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ಎಣ್ಣೆ ಹಚ್ಚುವುದೂ ಆಮೇಲೆಯೇ. ಉಪ್ಪಿನ ಮೇಲೆ ಎಣ್ಣೆ ಹಚ್ಚಿದರೆ ಉಪ್ಪು ಅದರಡಿಯಲ್ಲಿ ಕೆಲಸ ಮುಂದುವರಿಸುತ್ತದೆ.

ಈ ಬ್ಯಾಟರಿಯನ್ನು ತಿರುಗಿಸಿ ಉಪಕಾರಕ್ಕೆ ಹಚ್ಚಿದವನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ. 1824ರಲ್ಲಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆ ಸಮುದ್ರದಲ್ಲಿ ಸವೆಯದಂತೆ ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಕಟ್ಟಿಸಿದ. ತುಂಡುಗಳು ಕರಗಿದವು, ತಾಮ್ರ ಉಳಿಯಿತು. ಆದರೆ ತಾಮ್ರ ಕರಗದೆ ಇದ್ದುದರಿಂದ ಅದರ ವಿಷವೂ ನೀರಿಗೆ ಸೇರದೆ ಚಿಪ್ಪುಜೀವಿಗಳು ಹಡಗಿನ ಹೊಟ್ಟೆಗೆ ಮೆತ್ತಿಕೊಂಡವು, ಹಡಗುಗಳ ವೇಗ ಕುಸಿಯಿತು, ನೌಕಾದಳ ಯೋಜನೆಯನ್ನು ಕೈಬಿಟ್ಟಿತು. ಸಿದ್ಧಾಂತ ಮಾತ್ರ ಸೋಲಲಿಲ್ಲ: ಉಕ್ಕಿನ ಹಡಗುಗಳಿಗೆ ಸತುವಿನ ಗಟ್ಟಿ ಬಿಗಿಯುವುದು ಇಂದಿಗೂ ನಡೆದಿದೆ.

ಇನ್ನು ಚಾಕು. ತೆಳುವಾದ ತುಕ್ಕಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಬಾಟಲಿಯ ಬಿರಡೆಯಿಂದ ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ ಉಜ್ಜಿದರೆ ಸಾಕು. ಬೆರಳು ಮಾತ್ರ ಅಲಗಿನ ಎದುರಿಗೆ ಬರಬಾರದು. ಸ್ಟೇನ್‌ಲೆಸ್ಸಿಗೆ ಕಬ್ಬಿಣದ ನಾರು ಹಾಕಬೇಡಿ. ಅದರ ಚೂರುಗಳು ಅಂಟಿ ಉಳಿದು ಅವೇ ತುಕ್ಕು ಹಿಡಿಯುತ್ತವೆ. ಗಟ್ಟಿ ತುಕ್ಕಿಗೆ ವಿನೆಗರ್ ಅಥವಾ ನಿಂಬೆರಸ. ಹುಳಿ ತುಕ್ಕಿನ ಆಮ್ಲಜನಕವನ್ನು ಕಿತ್ತು ನೀರಾಗಿಸುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಬ್ಬಿಣವನ್ನು ಹಲವು ಕಡೆಯಿಂದ ಕಚ್ಚಿ ಹಿಡಿದು ನೀರಿನಲ್ಲೇ ಇಟ್ಟುಕೊಳ್ಳುತ್ತದೆ. ಇದಕ್ಕೆ ರಸಾಯನಶಾಸ್ತ್ರಜ್ಞರು ಕೊಟ್ಟ ಹೆಸರು ಕೀಲೇಶನ್, ಗ್ರೀಕಿನಲ್ಲಿ ಏಡಿಯ ಕೊಂಬು. ಕಾರವಾರದಲ್ಲಿ ಏಡಿ ಹಿಡಿದು ಕಚ್ಚಿಸಿಕೊಂಡವರಿಗೆ ವಿವರಣೆ ಬೇಡ. ನಮ್ಮ ಕಾಡಿನ ಹುಳಿಹಣ್ಣು ಉಪ್ಪಾಗೆಯ ಹುಳಿಯೂ ಇದೇ ಮನೆತನದ್ದು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಗುರುತಿಸಿದವರು ಲೂಯಿಸ್ ಮತ್ತು ನೀಲಕಂಠನ್.

ಹುಳಿಗೆ ತುಕ್ಕೂ ಉಕ್ಕೂ ಒಂದೇ, ಎರಡನ್ನೂ ತಿನ್ನುತ್ತದೆ. ಹಾಗಾಗಿ ರಾತ್ರಿಯಿಡೀ ನೆನೆಸಬಾರದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ತೆಗೆದು ಉಜ್ಜಿ ನೋಡಬೇಕು, ಮರ ಅಥವಾ ಕೊಂಬಿನ ಹಿಡಿಯನ್ನು ಹುಳಿಯಿಂದ ದೂರವಿಡಬೇಕು. ಆಮೇಲೆ ಸೋಡಾನೀರು, ಸೋಪು, ಸಿಹಿನೀರು, ತಕ್ಷಣ ಬಟ್ಟೆ, ನಂತರ ಬಿಸಿಲು. ಶೌಚಾಲಯದ ಆಸಿಡ್, ಗ್ಯಾರೇಜಿನ ತುಕ್ಕುನಾಶಕ, ಬ್ಲೀಚಿಂಗ್ ಪುಡಿ ಇವು ಊಟದ ಚಾಕುವಿನ ಹತ್ತಿರ ಸುಳಿಯಬಾರದು. ಬ್ಲೀಚಿಂಗ್ ಪುಡಿ ಆಸಿಡ್ಡಿಗೆ ಬೆರೆತರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಬರುತ್ತದೆ. ಕೀಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಅಗಸೆ ಎಣ್ಣೆ ಒಣಗಿ ಅಂಟಾಗುತ್ತದೆ, ಸೀಮೆಎಣ್ಣೆಯೂ ಎಂಜಿನ್ ಎಣ್ಣೆಯೂ ತಿನ್ನುವ ವಸ್ತುಗಳಲ್ಲ.

ಕೊನೆಗೆ ಆ ನೆಂಟರ ಕಿಸೆಯಿಂದ ಹೊರಬಂದದ್ದು ಹಳೆಯ ಕಾಲದ ಸಾದಾ ಉಕ್ಕಿನ ಚಾಕು, ಮಸಿಯಂತೆ ಕಪ್ಪು. ಅಡಿಕೆ ಚೊಗರು ಮೆತ್ತಿದ ಕಪ್ಪು. ಚೊಗರಿನ ಟ್ಯಾನಿನ್ ಕಬ್ಬಿಣಕ್ಕೆ ಸೇರಿ ಆದ ಬಣ್ಣ ಅದು. ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಲಿಪಿಕಾರರು ಮಾಡುತ್ತಿದ್ದ ಶಾಯಿಯ ಬಣ್ಣವೂ ಅದೇ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಬ್ಬಿಣವನ್ನು ಕಾಪಾಡಲು ಟ್ಯಾನಿಕ್ ಆಮ್ಲವನ್ನೇ ಬಳಿಯುತ್ತಾರೆ. ಕಪ್ಪನ್ನೂ ತುಕ್ಕೆಂದು ತಿಳಿದು ಅದನ್ನು ಕೆರೆಯಲು ಹೊರಟಿದ್ದರು ಅವರು. ನಾನು ಚಾಕುವನ್ನು ಕೈಯಿಂದ ತೆಗೆದುಕೊಂಡು, ಕಪ್ಪನ್ನು ಮುಟ್ಟದೆ, ಬುಡದ ಎರಡು ಕೆಂಪು ಚುಕ್ಕೆಗಳನ್ನಷ್ಟೇ ಸೋಡಾದಲ್ಲಿ ಉಜ್ಜಿದೆ. ಭೂತಗನ್ನಡಿ ಹಿಡಿದು ನೋಡಿದಾಗ ಪ್ರತಿ ಚುಕ್ಕೆಯ ನಡುವೆಯೂ ಒಂದೊಂದು ಹಳ್ಳವಿತ್ತು, ಇವಾನ್ಸ್ ತೋರಿಸಿದ ಜಾಗದಲ್ಲೇ. ಅವರೂ ಬಗ್ಗಿ ನೋಡಿದರು. ಆಮೇಲೆ ಅದೇ ಚಾಕುವಿನಿಂದ ಉಳಿದ ಮಾವಿನಕಾಯಿ ಹೆಚ್ಚಿದೆವು.